ಸ್ಟಾಕ್ ರಿಜಿಸ್ಟರ್

ಪೊಟ್ಯಾಸಿಯಂ ಪರ್ಮಾಂಗನೇಟಿನ ಸೀಸೆ
ನಮ್ಮ ಶಾಲೆಯ ಚಿನ್ನ.
ಬೀರುವಿನ ಬೀಗದಕೈ ಹೆಡ್‌ಮಾಸ್ತರರ ಸೊಂಟದಲ್ಲಿ.
ವರ್ಷಕ್ಕೊಮ್ಮೆ, ಒಂಬತ್ತನೇ ಕ್ಲಾಸಿಗೆ, ಒಂದೇ ಹರಳು.

ಹೊರಗೆ ಬಳ್ಳಾರಿಯ ಕೌಲ್ ಬಜಾರು,
ಜೀನ್ಸ್ ಹೊಲಿವ ಮಿಷಿನ್ನುಗಳು
ಒಂದೇ ಸಮ ಹಲ್ಲು ಕಡಿಯುತ್ತಿದ್ದವು.
ಬೋರ್ಡಿನ ಮೇಲೆ ಗೆರೆ ಎಳೆದಿದ್ದೆ:
ಧಾತು, ಸಂಯುಕ್ತ, ಮಿಶ್ರಣ.
ಜಾಗ ಹಿಡಿಯುವುದು, ತೂಕ ಇರುವುದು, ಅದು ದ್ರವ್ಯ
ಎನ್ನುತ್ತ ಬೀಕರಿಗೆ ಹರಳು ಬಿಟ್ಟೆ.
ಮುಳುಗುತ್ತ ಮುಳುಗುತ್ತಲೇ ನೇರಳೆ ಬಾಲ ಬಿಚ್ಚಿತು;
ನಲವತ್ತಾರು ಹುಡುಗಿಯರು ಉಸಿರು ಹಿಡಿದರು,
ಒಬ್ಬಳನ್ನು ಬಿಟ್ಟು.

"ಇಷ್ಟೇನಾ ಮೇಡಂ?" ಅಂದಳು ಹುಲಿಗೆಮ್ಮ.
"ನಮ್ಮಣ್ಣ ಪಂಪಾಪತಿ ವಾಷಿಂಗಿನಾಗ
ಇದನ್ನ ಕೊಡಗಟ್ಲೆ ಕಲಸ್ತಾನ್ರಿ,
ಗನ್ನಿನಾಗ ತುಂಬಿ ಪ್ಯಾಂಟಿನ ಮಂಡಿಗೆ ಹೊಡಿತಾನ.
ಮೊದ್ಲು ನೇರಳೆ, ಆಮ್ಯಾಲೆ ಕಂದು,
ಇನ್ನೊಂದು ಪುಡಿ ನೀರಾಗ ಅದ್ದಿದ್ರ ಬೆಳ್ಳಗ.
ಹೊಸಾದು ಹಳೇದಾಗ್ತದ.
ಹಳೇದಕ್ಕ ರೇಟು ಜಾಸ್ತಿ."

ಕ್ಲಾಸು ನಕ್ಕಿತು. ನಾನೂ.
ಯಾರೂ ಊರದ ಮಂಡಿ ಸವೆದಿರುವುದನ್ನು
ಯಾವ ಕಾಲಮ್ಮಿಗೆ ಸೇರಿಸಲಿ?
ಹಳೆತನ ಜಾಗ ಹಿಡಿಯುತ್ತದೆಯೇ,
ಅದಕ್ಕೆ ತೂಕ ಉಂಟೇ?

ಉಂಟಂತೆ.
ಒಗೆತಕ್ಕೆ ಹೋಗಿ ಬಂದ ಬಂಡಲು
ಒಂದು ಹಿಡಿ ಹಗುರ,
ಹೊತ್ತವರ ಹೆಗಲಿಗೆ ಗೊತ್ತಾಗುತ್ತದಂತೆ.
ಆ ಹಿಡಿ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ,
ಚರಂಡಿ ನೀಲಿಯಾಗಿದೆ.

"ಭೌತ ಬದಲಾವಣೆಯೋ, ರಾಸಾಯನಿಕವೋ?"
ಕೇಳಿದ್ದು ಅವಳನ್ನೋ, ನನ್ನನ್ನೋ.
"ಬೀಕರಿಂದು ಬರೇ ಕರಗಿದ್ದು,
ಕಾಸಿದ್ರ ಹರಳು ತಳದಾಗ ಕುಂದರತದ.
ಮಂಡಿದು ಹಂಗಲ್ರಿ,
ಹಿಂದಕ್ಕ ಬರಂಗಿಲ್ಲ."
ಪುಸ್ತಕ ಅವಳ ಚೀಲದಲ್ಲೇ ಇತ್ತು.

ಅಷ್ಟರಲ್ಲಿ, ಹರಳು ಹಿಡಿದ ನನ್ನ ತೋರುಬೆರಳು
ಕಂದು ತಿರುಗಿತ್ತು. ಸೋಪಿಗೆ ಜಗ್ಗಲಿಲ್ಲ.
ಹುಲಿಗೆಮ್ಮ ಬುತ್ತಿ ಬಿಚ್ಚಿದಳು:
ಮಂಡಕ್ಕಿ ಒಗ್ಗರಣೆ, ಮೇಲೊಂದು ನಿಂಬೆಹೋಳು.
ನನ್ನ ಕೈ ಎಳೆದುಕೊಂಡು ತಿಕ್ಕಿದಳು,
ರಾತ್ರಿ ರಾತ್ರಿ ಹತ್ತು ಬೆರಳು
ತಿಕ್ಕಿ ರೂಢಿಯಾದ ಕೈ, ಹೆಚ್ಚು ಒತ್ತದೆ, ಬಿಡದೆ.
ಕಲೆ ಹೋಯಿತು.
ಉಗುರಿನ ಸಂದಿ ಉರಿಯಿತು.

ಸಂಜೆ ರಿಜಿಸ್ಟರಿನಲ್ಲಿ ಬರೆದೆ:
ಖರ್ಚು, ಹರಳು ಒಂದು.
ಬಾಕಿ, ಸೀಸೆಯ ಕಾಲು ಭಾಗ.
ನಿಂಬೆಗೆ ಕಾಲಂ ಇರಲಿಲ್ಲ.