ದರಪಟ್ಟಿ

ರಬಕವಿ ಬಸ್‌ಸ್ಟ್ಯಾಂಡಿನ ಎದುರಿಗೆ, ಮಗ್ಗದ ಸಪ್ಪಳ
ಗ್ವಾಡಿ ನಡುಗಿಸೂ ಓಣಿಯೊಳಗ
ದಾನಪ್ಪಣ್ಣನ ಫೋಟೋ ಸ್ಟುಡಿಯೋ.
ಏಳು ವರ್ಷದಿಂದ ನಾ ಅಲ್ಲಿ
ಮಂದಿ ಮಾರಿ ತೊಳೀತೀನಿ.

ನೀರು ಬ್ಯಾಡ, ಸೋಪು ಬ್ಯಾಡ.
ಗೆರಿ ಮ್ಯಾಲಿನ ಗುಂಡಿ ಬಲಕ್ಕ ಸರಿಸಿದರ ಸಾಕು,
ಬಿಸಲಾಗ ಕಬ್ಬು ಕಡದ ಹುಡುಗಿ
ನೆರಳಾಗ ಬೆಳದಾಕಿ ಆಗತಾಳ.
ಗ್ವಾಡಿ ಮ್ಯಾಲೆ ದರ ಬರದೈತಿ:
ಪಾಸ್‌ಪೋರ್ಟ್ ಎಂಟು ಪ್ರತಿ ಅರವತ್ತು,
ಹಿಂದಿನ ಪರದೆ ಬದಲಿಗೆ ಹತ್ತು,
ಮಾರಿ ಬೆಳ್ಳಗ ಮಾಡಾಕ ಇಪ್ಪತ್ತು.
ವರಕ್ಕ ತೋರಸೂ ಫೋಟೋ ಆದರ
ಕೇಳೂದಽ ಇಲ್ಲ, ಮಾಡಿಬಿಡತೀವಿ.

ನನ್ನದೂ ಒಮ್ಮೆ ನಾನಽ ತೊಳಕೊಂಡೆ.
ತೇರದಾಳದಿಂದ ಬಂದವರು
ಅವಲಕ್ಕಿ ತಿಂದು, ಚಾ ಕುಡದು,
ಫೋಟೋ ಕೈಯಾಗ ಹಿಡಕೊಂಡು,
ನಾ ಎದುರಿಗೆ ಕುಂತಿದ್ದಾಗ ಕೇಳಿದರು:
"ಹುಡುಗೀನ್ನ ಕರೀರಿ ಹಂಗಾದರ."
ಅವ್ವ ನಕ್ಕಳು. ಚಾದ ಬಟ್ಟಲ ಎಣಿಸಿದಳು.

ದುಂಡವ್ವ ಬಂದದ್ದು ಸೋಮವಾರ,
ಕಟ್ಟು ಹಾಕಿಸಿದ ಫೋಟೋ ಟವೆಲ್ಲಿನಾಗ ಸುತಗೊಂಡು.
ಅವರವ್ವ ಬೌರವ್ವ, ಬಣ್ಣದ ಮನ್ಯಾಗ
ಮೂವತ್ತು ವರ್ಷ ನೂಲು ಅದ್ದಿದಾಕಿ.
ಹೋದ ವರ್ಷ ನಾನಽ ತಗದಿದ್ದೆ, ನಾನಽ ತೊಳದಿದ್ದೆ.
"ಇದಕ್ಕ ಮಾಲಿ ಹಾಕಾಕ ಕೈ ಏಳವಲ್ದು.
ಯಾರೋ ಬ್ಯಾರೆದಾಕಿ ಕುಂತಾಳ ಇದರಾಗ.
ನಮ್ಮವ್ವನ್ನ ತಿರುಗಿ ಕೊಡ ತಂಗಿ."

ಎಷ್ಟು ಕರಿಯಾಕಿ ಇದ್ದಳವಾ, ಅಂದೆ,
ನಾಲಿಗಿ ಕಡಕೊಂಡೆ.
ಆಕಿಗೇನೂ ಅನಸಲಿಲ್ಲ. ಇಚಾರ ಮಾಡಿ ಹೇಳಿದಳು,
ಅಡತಿ ಅಂಗಡ್ಯಾಗ ತೂಕ ಹೇಳೂವರಂಗ:
"ಹೊಸಾ ಹಂಚಲ್ಲ. ದಿನಾ ರೊಟ್ಟಿ ಬೇಸಿ ಬೇಸಿ
ನುಣ್ಣಗಾಗಿರತೈತಿ ನೋಡು, ಆ ಹಂಚು.
ಗದ್ದದ ಮ್ಯಾಲೆ ಹಚ್ಚಿ ಇತ್ತು, ಮೂರು ಚುಕ್ಕಿ.
ದೂರ ನಿಂತವರಿಗೆ ಕಾಣತಿದ್ದಿಲ್ಲ,
ತೊಡಿ ಮ್ಯಾಲೆ ಮಲಗಿದವರಿಗಷ್ಟಽ.
ಬಿಳಿ ನೂಲು ಪ್ಯಾಟಿಯಿಂದ ಹಂಗಽ ಬರತೈತಿ, ಅಂತಿದ್ದಳು,
ಕರಿ ಹಿಡೀಬೇಕಂದರ ಎರಡು ಸಲ ಕುದಸಬೇಕು."

ಹಳೇ ಫೈಲು ಹುಡಕಿದೆ. ಇರಲಿಲ್ಲ.
ಇದ್ದದ್ದರ ಮ್ಯಾಲಽ ತೊಳದದ್ದು ಉಳಿಸಿದ್ದೆ.
ಗುಂಡಿ ಎಡಕ್ಕ ಸರಿಸಿದೆ, ಏಳು ವರ್ಷದಾಗ ಮೊದಲ ಸಲ.
ಬೂದಿ ಬಂತು. ರಾಡಿ ಬಂತು. ಬೌರವ್ವ ಬರಲಿಲ್ಲ.
"ಅಲ್ಲ," ಅಂದಳು ದುಂಡವ್ವ. "ಇದೂ ಅಲ್ಲ."
ಕಡೀಕ, ಮೌಸಿನ ಮ್ಯಾಲಿದ್ದ ನನ್ನ ಕೈ ಹಿಡದು
ಪರದೆಗೆ ಹಚ್ಚಿದಳು, ಬಳಿ ಸಮೇತ.
"ಇದು ನೋಡು."

ಆಕಿ ಕೈ ಬಿಡಲಿಲ್ಲ. ಎಡಗೈಲೆ ಮಾಡಿದೆ,
ತಡಾ ಆತು.
ಮೂರು ಚುಕ್ಕಿ ಇಟ್ಟೆ, ಹಿಂದ ಸರದು ನೋಡಿದೆ.
ಕಾಣಲಿಲ್ಲ. ಹಂಗಽ ಇರಬೇಕಿತ್ತು.

ಎಷ್ಟಾತು, ಅಂದಳು.
ಗ್ವಾಡಿ ನೋಡಿದೆ. ಅದಕ್ಕ ದರ ಬರದಿದ್ದಿಲ್ಲ.
ದಾನಪ್ಪಣ್ಣ ಊಟಕ್ಕ ಹೋಗಿದ್ದ.
ಟವೆಲ್ಲು ಮಡಚಿ ಆಕಿ ಕೈಯಾಗ ಕೊಟ್ಟೆ:
ಸುತ್ತಬ್ಯಾಡ ಎಕ್ಕಾ,
ಓಣಿ ಹಿಡದು ಹಿಂಗಽ ಒಯ್ಯಿ.