ಓದುವವನಿಗೆ ಮತವಿಲ್ಲ

ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಪುಸ್ತಕ:
ಇದು ನನ್ನ ಕೂಲಿ.
ಎತ್ತರದ ಕುರ್ಚಿ, ಕೆಮ್ಮುವ ಮೈಕು, ಒಂದು ಲೋಟ ನೀರು.
ಕೆಳಗೆ ನೂರಾ ಹನ್ನೆರಡು ಜನ ಚುಟ್ಟಾ ಸುತ್ತುತ್ತಾರೆ
ಕಣ್ಣು ಹೊಗೆಸೊಪ್ಪಿನ ಮೇಲೆ,
ಕಿವಿ ನನ್ನ ಮೇಲೆ.

ಪುಸ್ತಕ ಮುಗಿದ ಶುಕ್ರವಾರ ಮಾತ್ರ
ಪಿನಾರ್ ದೆಲ್ ರಿಯೊದ ಈ ಕಾರ್ಖಾನೆಯಲ್ಲಿ
ಬಾಯಿ ಅವರದು, ಕಿವಿ ನನ್ನದು.
ಮುಂದಿನದು ಯಾವುದು?
ಮೇಜಿನ ಮೇಲೆ ಮೂರು ಇಟ್ಟೆ.

ಒಂದು, ಮಳೆಯೇ ಬಾರದ ಊರಿನಲ್ಲಿ
ಕೊಡೆ ರಿಪೇರಿ ಮಾಡುವವಳ ಕಾದಂಬರಿ.
ಇನ್ನೊಂದು, ದ್ವೀಪಕ್ಕೆ ಬಡಿದ ಬಿರುಗಾಳಿಗಳ ಚರಿತ್ರೆ,
ನಕ್ಷೆ, ಅಂಕಿ, ಸತ್ತವರ ಪಟ್ಟಿ ಸಮೇತ.
ಮೂರನೆಯದು ಪತ್ತೇದಾರಿ; ಅದರ ಕೊನೆಯ ಹಾಳೆಯನ್ನು
ಗೆದ್ದಲು ನನಗಿಂತ ಮೊದಲೇ ಓದಿಕೊಂಡಿದೆ.

"ಹಾಗಾದರೆ ಕೊಲೆಗಾರ ಗೆದ್ದಲೇ" ಎಂದಳು ನಿಯೂರ್ಕಾ.
ಎಲ್ಲರೂ ನಕ್ಕರು. ಆ ಪುಸ್ತಕ ಅಲ್ಲಿಗೆ ಸತ್ತಿತು.

"ಕೊಡೆಯವಳು ಬದುಕಿದ್ದಳೇ? ಇಲ್ಲ.
ಇಲ್ಲದವಳ ಕಣ್ಣೀರಿಗೆ
ನನ್ನ ಕರವಸ್ತ್ರ ಯಾಕೆ ಒದ್ದೆಯಾಗಬೇಕು?"
ಇದು ಎವೆಲಿಯೊ, ಲೆಕ್ಕದ ಮನುಷ್ಯ,
ಮದುವೆಯ ಖರ್ಚಿನ ಚೀಟಿ ಇನ್ನೂ ಮಡಚಿಟ್ಟುಕೊಂಡವನು.
"ಗಾಳಿಯ ವೇಗ ತಿಳಿದರೆ
ಸೂರಿಗೆ ಎಷ್ಟು ಮೊಳೆ ಹೊಡೆಯಬೇಕೆಂದು ತಿಳಿಯುತ್ತದೆ.
ಕಟ್ಟುಕತೆಯಿಂದ ಏನು ತಿಳಿಯುತ್ತದೆ?"

ಮಿಗ್ದಾಲಿಯಾ ಬ್ಲೇಡು ಕೆಳಗಿಟ್ಟಳು.
ಅವಳು ಬ್ಲೇಡು ಕೆಳಗಿಟ್ಟರೆ ಮೇಸ್ತ್ರಿಯೂ ಉಸಿರು ಹಿಡಿಯುತ್ತಾನೆ.
"ಆ ಗಾಳಿಯಲ್ಲಿ ನಾನಿದ್ದೆ, ಮಗಾ.
ನನ್ನ ಮಂಚ ತಾನೇ ಎದ್ದು
ಬಾಗಿಲು ದಾಟಿ ಹೋಗಿದ್ದು ನೋಡಿದ್ದೇನೆ.
ಅದು ಗಂಟೆಗೆ ಎಷ್ಟು ಕಿಲೋಮೀಟರ್ ಹೋಯಿತು ಅಂತ ನೀನು ಹೇಳಿದರೆ
ವಾಪಸು ಬರುತ್ತದೆಯೇ?
ನನಗೆ ಮಳೆ ಬಾರದ ಊರು ಬೇಕು.
ಇಲ್ಲದ ಊರಾದರೇನು,
ದಿನಕ್ಕೆ ಒಂದೂವರೆ ಗಂಟೆ ಅಲ್ಲಿದ್ದು ಬರುತ್ತೇನೆ."

"ನಿಜದ ಪುಸ್ತಕದಲ್ಲಿ ಯಾರೂ ಮಾತಾಡುವುದಿಲ್ಲ,
ಬರೀ ಸಾಯುತ್ತಾರೆ" ಎಂದ ಹೊಸ ಹುಡುಗ.
"ಕಾದಂಬರಿಯಲ್ಲಿ ಮಾತಾಡುತ್ತಾ ಮಾತಾಡುತ್ತಾ ಸಾಯುತ್ತಾರೆ.
ನಮ್ಮ ಮಾವ ಹೋದಾಗ
ನೀರು ಸಹ ಕೇಳಲಿಲ್ಲ" ಎಂದರು ಯಾರೋ.

ಆಗ ಕೊನೆಯ ಸಾಲಿನಲ್ಲಿ ಒಂದು ಕೈ.
ಲೆಯೊಕಾದಿಯೊ ಮೊಂತಾಲ್ವೊ.
ಇಷ್ಟು ವರ್ಷದಲ್ಲಿ ಈ ಕೈ ಎತ್ತಿದ್ದು ಕಂಡಿರಲಿಲ್ಲ.
"ಪಟ್ಟಿ ಇದೆ ಎಂದೆಯಲ್ಲ,
ಹೆಸರುಗಳಿವೆಯೋ, ಬರೀ ಲೆಕ್ಕವೋ?"
ಹೆಸರುಗಳಿವೆ.
"ಹಾಗಾದರೆ ಅದು."

ಐವತ್ತೇಳಕ್ಕೆ ಐವತ್ತೈದು. ಗಾಳಿ ಗೆದ್ದಿತು.

ನಾಳೆಯ ಪುಟಗಳನ್ನು ಹಿಂದಿನ ರಾತ್ರಿ ಓದಿಕೊಳ್ಳುವುದು ನನ್ನ ರೂಢಿ.
ತೊಂಬತ್ತೊಂದು ಹೆಸರು.
ಬೆರಳಿಟ್ಟು ಮೂರು ಸಲ ಇಳಿದೆ.
ಲೆಯೊಕಾದಿಯೊನ ತಮ್ಮ ಅಲ್ಲಿರಲಿಲ್ಲ.

ಮೊಲೀನಾ ಆದ ಮೇಲೆ ಮೊರೆಹೋನ್.
ನಡುವೆ ಒಂದು ಉಸಿರಿನಷ್ಟು ಜಾಗ.

ಮರುದಿನ ಮಧ್ಯಾಹ್ನ ಆ ಜಾಗದಲ್ಲಿ
"ಸೆರಾಪಿಯೊ ಮೊಂತಾಲ್ವೊ" ಎಂದು ಓದಿದೆ,
ಉಳಿದವರನ್ನು ಓದಿದ ದನಿಯಲ್ಲೇ.

ಮೆಚ್ಚಿದರೆ ಬ್ಲೇಡಿನಿಂದ ಹಲಗೆ ಕುಟ್ಟುವುದು ಇಲ್ಲಿಯ ಪದ್ಧತಿ.
ಸತ್ತವರ ಪಟ್ಟಿಗೆ ಯಾರು ಕುಟ್ಟುತ್ತಾರೆ?
ಕೊನೆಯ ಸಾಲಿನಿಂದ, ಒಂದೇ ಒಂದು ಸಲ,
ಟಕ್.

ಸಂಜೆ ಗೇಟಿನ ಬಳಿ ಎವೆಲಿಯೊ ಕಾದಿದ್ದ.
"ಪುಸ್ತಕ ತೊಂಬತ್ತೊಂದು ಅನ್ನುತ್ತದೆ.
ನಾನು ಎಣಿಸಿದೆ. ತೊಂಬತ್ತೆರಡು."
ನಾನು ಚಪ್ಪಲಿ ನೋಡಿಕೊಂಡೆ.
ಅವನು ಸೈಕಲ್ಲಿನ ಬೀಗ ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ.
"ಅಚ್ಚಿನ ತಪ್ಪಿರಬೇಕು" ಎಂದ.

ಸೋಮವಾರದಿಂದ ಕೊಡೆಯವಳ ಸರದಿ.
ಮಿಗ್ದಾಲಿಯಾ ಈಗಲೇ ಪೀಡಿಸುತ್ತಾಳೆ:
ಕೊನೆಗಾದರೂ ಆ ಊರಿಗೆ ಮಳೆ ಬರುತ್ತದೆಯೇ?
ಇನ್ನೂ ಓದಿಲ್ಲ ಎಂದೆ.

ಓದಿದ್ದೇನೆ.