ಬೆರಕೆ ಸೊಪ್ಪು

ದಿನಕ್ಕೆ ನಾಲ್ಕು ಸಲ, ಎರಡೆರಡು ಹನಿ.
ಬಗ್ಗಬಾರದು, ಒಲೆ ಊದಬಾರದು,
ತಲೆಗೆ ನೀರು ಹಾಕಬಾರದು ಒಂದು ತಿಂಗಳು.
ಹಾಸನದ ದೊಡ್ಡಾಸ್ಪತ್ರೆಯ ಚೀಟಿ ಓದಿ ಹೇಳಿದೆ.
'ಉಸ್ರಾಡಬೌದಾ ಆಸೆಯಮ್ಮ?' ಅಂದಳು ದ್ಯಾವೀರಜ್ಜಿ.
ಆಶಾ ಕಾರ್ಯಕರ್ತೆ ಎಂಬುದು ಅವಳ ಬಾಯಲ್ಲಿ
ಸವೆದು ಸವೆದು ಅಷ್ಟಾಗಿದೆ.

ನಾಲ್ಕನೆಯ ದಿನ ಹೋದರೆ ಮನೆಯಲ್ಲಿಲ್ಲ.
ಕಣಕಟ್ಟೆ ಕಡೆಯ ಕೆಂಪು ಹೊಲ, ಆಸಲೆ ಮಳೆ ಬಿದ್ದು ವಾರ,
ರಾಗಿ ಪೈರಿನ ನಡುವೆ ಕಪ್ಪು ಕನ್ನಡಕ ಹಾಕಿಕೊಂಡು
ಬಗ್ಗಿ ನಿಂತಿದ್ದಾಳೆ, ಸಿನಿಮಾದ ಕಳ್ಳನ ಹಾಗೆ.
ಬೈಯೋಣ ಅಂತ ಹೋದೆ. ಅವಳೇ ಬೈಯುತ್ತಿದ್ದಳು,
ನನ್ನನ್ನಲ್ಲ, ಡಾಕ್ಟರನ್ನೂ ಅಲ್ಲ, ಹೊಲವನ್ನು.
'ಎಲ್ಲಾ ಹಸ್ರುಗೈತೆ ಕಣೆ!
ಇಷ್ಟೊಂದು ಹಸ್ರು ಯಾರಿಟ್ರು ಇಲ್ಲಿ?'

ಹನ್ನೆರಡು ವರ್ಷ ಪೊರೆ ಮುಚ್ಚಿದ ಕಣ್ಣಲ್ಲಿ
ಊರಿಗೆಲ್ಲ ಬೆರಕೆ ಸೊಪ್ಪು ಆಯ್ದು ಕೊಟ್ಟವಳು.
ಬೆರಳಿಗೆ ಗೊತ್ತಿತ್ತು:
ಕನ್ನೆಯ ಗೆಣ್ಣು ಮುರಿದರೆ ನೀರು ಬಿಡುತ್ತದೆ,
ಗೋಣಿ ಸೊಪ್ಪು ಕೂಸಿನ ಕಿವಿಯ ಹಾಲೆ ಇದ್ದಂತೆ,
ಮುಳ್ಳುಕೀರೆ ಮೊದಲು ಚುಚ್ಚಿ ಆಮೇಲೆ ಮಾತಾಡುತ್ತದೆ,
ಕೊಮ್ಮೆ ನೆಲಕ್ಕಂಟಿ ಮಲಗಿರುತ್ತದೆ, ಎಬ್ಬಿಸಬೇಕು.
ಅಣ್ಣೆ ನುಣ್ಣಗೆ, ತುದಿಯಲ್ಲಿ ಮಾತ್ರ ಸೊಕ್ಕು.
ಹುಳ ತಿಂದ ತೂತಿಗೆ ಬೆರಳು ಸಿಕ್ಕರೆ
'ಯಾರೋ ರುಚಿ ನೋಡವ್ರೆ, ಬಾ' ಎನ್ನುತ್ತಿದ್ದಳು ಎಲೆಗೆ.

ಮೊನ್ನೆ ಸಂಜೆ, ಹೊಸ ಕಣ್ಣಿನ ಗರ್ವದಲ್ಲಿ
ಗಣಿಕೆ ಅಂತ ಉಮ್ಮತ್ತಿಯ ಎಳೆಗಿಡ ಚಿವುಟಿ ತಂದಿದ್ದಳಂತೆ.
ಎಸರು ಕುದಿಯುತ್ತಿತ್ತು.
ಸೊಪ್ಪು ಬಿಡಿಸುತ್ತ ಬೆರಳು ನಿಂತಿತು.
ಮೂಗಿನ ಹತ್ತಿರ ತಂದಳು.
ತಿಪ್ಪೆಗೆಸೆದು, ಕೈ ಮೂರು ಸಲ ತೊಳೆದು,
ಬರೀ ಉಪ್ಪು ಮೆಣಸಿನಕಾಯಿಗೆ ಮುದ್ದೆ ನುಂಗಿದಳು.
ಮೊಮ್ಮಗನಿಗೆ ಹೇಳಲಿಲ್ಲ. ನನಗೆ ಹೇಳಿದಳು,
ಬೇಲಿ ಕಡೆ ಮುಖ ತಿರುಗಿಸಿ.

'ಮತ್ತೆ ಹೆಂಗೆ ಕಲ್ತೆ ಅಜ್ಜಿ, ಕಣ್ಣು ಚೆನ್ನಾಗಿದ್ದಾಗ?'

ಆಗಲೂ ಕಣ್ಣಿನಿಂದಲ್ಲವಂತೆ.
ಅವ್ವನ ಜೊತೆ, ಕೋಳಿ ಕೂಗುವ ಮುಂಚೆ,
ಪಟೇಲರ ಹೊಲದಲ್ಲಿ. ಕಳೆಯೇ ಆದರೂ ಅವರ ಕಳೆ.
ಬೆಳಕು ಹರಿದರೆ ಅವರ ಆಳು ಬರುತ್ತಿದ್ದ,
ಕೈಯಲ್ಲಿ ದೊಣ್ಣೆ ಇರುತ್ತಿತ್ತು.
ಮಡಿಲು ಕತ್ತಲಲ್ಲೇ ತುಂಬಬೇಕು.
ಅವ್ವ ಇವಳ ಬೆರಳು ಹಿಡಿದು ಎಲೆಗೆ ತಾಗಿಸಿ
ಕಿವಿಯಲ್ಲಿ ಹೆಸರು ಉಸುರುತ್ತಿದ್ದಳು,
ಒಂದು ಎಲೆ, ಒಂದು ಪಿಸುಮಾತು.
ಬುಡ ಕೀಳಬ್ಯಾಡ ಮಗ, ಕುಡಿ ಚಿವುಟು;
ಕಿತ್ರೆ ಸದ್ದಾಗ್ತದೆ, ನಾಳೀಕೂ ಇರಲ್ಲ.

ಆ ಎರಡರಲ್ಲಿ ಯಾವುದು ಮೊದಲ ಕಾರಣ ಅಂತ
ನಾನು ಇನ್ನೂ ಯೋಚಿಸುತ್ತಿದ್ದೇನೆ.

'ಹಗಲಲ್ಲಿ ಇವನ್ನ ಸರ್ಯಾಗಿ ನೋಡೇ ಇರ್ಲಿಲ್ಲ ಕಣೆ' ಅಂದಳು.
ಬದುವಿನ ಮೇಲೆ ಅಣ್ಣೆ ಒಂದೆರಡು ಹೂ ಬಿಟ್ಟಿತ್ತು.
ಆ ಗುಲಾಬಿ ಬಣ್ಣ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ.

ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು.
ಕಣ್ಣು ಮುಚ್ಚಿದಳು. ಕೈ ಇಳಿಯಿತು.
ಚಿಟ್. ಚಿಟ್. ಚಿಟ್.
ಹನಿಯ ಸೀಸೆ ಹಿಡಿದು ನಿಂತೇ ಇದ್ದೆ ನಾನು
ಆ ರೆಪ್ಪೆ ತೆರೆಯಲಿ ಅಂತ.

ತಾಲ್ಲೂಕಿಗೆ ಕಳಿಸುವ ಫಾರಂನಲ್ಲಿ ಒಂದು ಕಾಲಂ:
ದೃಷ್ಟಿ ಮರಳಿದೆಯೇ? ಹೌದು, ಗುರುತು ಹಾಕಿದೆ.
ಇನ್ನೊಂದು: ಅಡ್ಡಪರಿಣಾಮ.
ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ಸಂಜೆ ಅವಳು ಕೊಟ್ಟ ಸೊಪ್ಪು ಬಿಡಿಸಲು ಕೂತರೆ
ಅರಸೀಕೆರೆ ಲೈನಿನ ಕರೆಂಟು ಹೋಯಿತು.
ಮೊಬೈಲು ಒಳಗೆಲ್ಲೋ ಇತ್ತು, ಏಳಲಿಲ್ಲ.
ಇದು ಕನ್ನೆ. ಇದು ಗೋಣಿ. ಇದು, ಆಯ್, ಮುಳ್ಳುಕೀರೆ.
ಒಂದು ಎಲೆ ಒರಟಾಗಿ ತಾಗಿತು,
ಯಾರೂ ನನ್ನ ಕಿವಿಯಲ್ಲಿ ಹೇಳದೆ ಇದ್ದದ್ದು.
ತಟ್ಟೆಯ ಅಂಚಿಗೆ ಬೇರೆ ಇಟ್ಟಿದ್ದೇನೆ,
ಬೆಳಿಗ್ಗೆ ಹನಿ ಹಾಕಲು ಹೋದಾಗ
ಅವಳ ಬೆರಳಿಗೆ ಕೊಟ್ಟು ಕೇಳಬೇಕು.